ಮುಳುಗಿದ ಹಡಗೂ ಲೋಕದ ನಾಲಗೆಯೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯವರಾದ ನಮಗೆ ಸಮುದ್ರವೆಂಬುದು ದೂರದ ಮಾತು. ನಮ್ಮಲ್ಲಿ ಕೆರೆಗಳುಂಟು, ಕುಂಟೆಗಳುಂಟು. ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟುವ ನದಿಗಳ ಹೆಸರುಗಳೂ ಉಂಟು. ಕಡಲು ಮಾತ್ರ ಇಲ್ಲ. ಹೀಗಿರುವಾಗ ಭೂಗೋಳದ ಮತ್ತೊಂದು ಮಗ್ಗುಲಲ್ಲಿ ಹವಳದ ದಿಬ್ಬಕ್ಕೆ ತಗುಲಿ ಮುಳುಗಿದ ಒಂದು ನೌಕಾಪಡೆಯ ಹಡಗಿನ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ಹಡಗು ನಮ್ಮದಲ್ಲ, ನಿಜ. ಆದರೆ ಅದು ಮುಳುಗಿದ ಮೇಲೆ ಜನ ಆಡಿದ ಮಾತುಗಳು ನಮ್ಮ ಅರಳಿಕಟ್ಟೆಗಳ ಮೇಲೆ ದಿನವೂ ಕೇಳಿಬರುವಂಥವೇ. ಅವಘಡವೊಂದು ಸಂಭವಿಸಿದಾಗ ಜನ ಕೇಳಬೇಕಾದ ಪ್ರಶ್ನೆ ಯಾವುದು, ಆತುರದಿಂದ ಕೊಡಬಾರದ ತೀರ್ಪು ಯಾವುದು ಎಂಬುದನ್ನು ತಿಳಿಯಲು ಈ ಪ್ರಸಂಗ ಒಳ್ಳೆಯ ಪಾಠವಾಗಿದೆ.

ಮೊದಲು ಸಂಗತಿಯನ್ನು ತಿಳಿಯೋಣ. ಪೆಸಿಫಿಕ್ ಸಾಗರದಲ್ಲಿ ಸಮೋವಾ ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಅದರ ತೀರದುದ್ದಕ್ಕೂ ಹವಳದ ದಿಬ್ಬಗಳಿವೆ. ಅತಿ ಸಣ್ಣ ಜೀವಿಗಳು ತಮ್ಮ ಮೈಯಿಂದ ಸ್ರವಿಸುವ ಸುಣ್ಣದಿಂದ ತಲೆತಲಾಂತರವಾಗಿ ಕಟ್ಟಿದ ಗೋಡೆಗಳಿವು. ಮೇಲೆ ನೀರು ತಿಳಿಯಾಗಿ ಕಾಣುತ್ತದೆ. ಕೆಳಗೆ, ಕೆಲವೆಡೆ ಆಳುದ್ದವೂ ಇಲ್ಲದ ಆಳದಲ್ಲಿ, ಗರಗಸದಂಥ ಬಂಡೆ ಇರುತ್ತದೆ. ಬೇಸಗೆಯಲ್ಲಿ ನೀರಿಳಿದ ಕೆರೆಯೊಳಗೆ ತೆಪ್ಪ ನಡೆಸಿದವನಿಗೆ ಕಾಣದ ಬಂಡೆಯ ಭಯವೆಂಥದೆಂದು ಗೊತ್ತು. ಕಡಲಿನಲ್ಲಿ ಆ ಭಯ ಸಾವಿರ ಪಾಲು ಹೆಚ್ಚು.

ಇಂಥ ಅಪಾಯಗಳನ್ನು ನಕಾಶೆಯಲ್ಲಿ ಗುರುತಿಸುವುದಕ್ಕಾಗಿಯೇ ಸಮುದ್ರದ ತಳವನ್ನು ಅಳೆಯುವ ಹಡಗುಗಳಿವೆ. ಅವು ಶಬ್ದದ ಅಲೆಗಳನ್ನು ನೀರಿನೊಳಕ್ಕೆ ಕಳಿಸಿ, ಪ್ರತಿಧ್ವನಿ ಮರಳಿ ಬರಲು ಹಿಡಿಯುವ ಕಾಲದಿಂದ ಆಳವನ್ನು ಲೆಕ್ಕಹಾಕುತ್ತವೆ. ನ್ಯೂಜಿಲೆಂಡ್ ನೌಕಾಪಡೆಯ ‘ಮನವಾನುಯಿ’ ಅಂಥದೊಂದು ಹಡಗು. 2003ರಲ್ಲಿ ನಾರ್ವೆಯಲ್ಲಿ ಕಟ್ಟಿದ, ಸುಮಾರು 85 ಮೀಟರ್ ಉದ್ದದ ಈ ಹಡಗನ್ನು ನ್ಯೂಜಿಲೆಂಡ್ ಸರ್ಕಾರ 2018ರಲ್ಲಿ ಕೊಂಡು, ಬೇಕಾದ ಮಾರ್ಪಾಟುಗಳನ್ನು ಮಾಡಿಸಿ, 2019ರಲ್ಲಿ ಸೇವೆಗೆ ಸೇರಿಸಿಕೊಂಡಿತು.

2024ನೆಯ ಇಸವಿ ಅಕ್ಟೋಬರ್ 5, ಶನಿವಾರ. ಅದೇ ತಿಂಗಳ ಕೊನೆಯ ಭಾಗದಲ್ಲಿ ಸಮೋವಾದಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಮುಖ್ಯಸ್ಥರ ಸಭೆ ಸೇರುವುದಿತ್ತು. ಮನವಾನುಯಿ ಉಪೋಲು ದ್ವೀಪದ ದಕ್ಷಿಣ ತೀರದಿಂದ ಸುಮಾರು ಒಂದು ನಾವಿಕ ಮೈಲಿ ದೂರದಲ್ಲಿ ಹವಳದ ದಿಬ್ಬದ ಅಳತೆ ನಡೆಸುತ್ತಿತ್ತು. ಸಂಜೆ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಅಳೆಯಬೇಕಾಗಿದ್ದ ದಿಬ್ಬದ ಮೇಲೆಯೇ ಹಡಗು ಏರಿ ಕುಳಿತಿತು. ಹಡಗು ವಾಲತೊಡಗಿತು. ರಾತ್ರಿ ಎಂಟು ಗಂಟೆಗೆ ಮೊದಲೇ ಎಲ್ಲರೂ ಹಡಗನ್ನು ಬಿಡತಕ್ಕದ್ದೆಂದು ಕಮಾಂಡರ್ ಇವೋನ್ ಗ್ರೇ ಅಪ್ಪಣೆಯಿತ್ತರು. ಹಡಗಿನಲ್ಲಿದ್ದವರು 75 ಮಂದಿ. ಕತ್ತಲು, ಗಾಳಿ, ತೆರೆಗಳ ನಡುವೆ ಅಷ್ಟು ಮಂದಿಯೂ ರಕ್ಷಣೆಯ ದೋಣಿ ತೆಪ್ಪಗಳಿಗೆ ಇಳಿದರು. ಕೆಲವರಿಗೆ ಗಾಯಗಳಾದವು, ಯಾರೂ ಸಾಯಲಿಲ್ಲ. ಮರುದಿನ ಬೆಳಗ್ಗೆ, ಬೆಂಕಿ ಹೊತ್ತಿಕೊಂಡಿದ್ದ ಹಡಗು ಮಗುಚಿ ನೀರಿನಡಿ ಸೇರಿತು. ಎರಡನೆಯ ಮಹಾಯುದ್ಧದ ಅನಂತರ ನ್ಯೂಜಿಲೆಂಡ್ ನೌಕಾಪಡೆ ಕಳೆದುಕೊಂಡ ಮೊದಲ ಹಡಗು ಇದು.

ಹಡಗಿನ ಕಮಾಂಡರು ಒಬ್ಬ ಮಹಿಳೆ ಎಂಬ ಸಂಗತಿ ತಿಳಿದದ್ದೇ ತಡ, ಅವಘಡದ ಕಾರಣವೇ ಸಿಕ್ಕಿಹೋಯಿತೆಂದು ಅನೇಕರು ಭಾವಿಸಿದರು. ಹೆಣ್ಣೆಂಬ ಕಾರಣದಿಂದಲೇ ಆಕೆಗೆ ಆ ಹುದ್ದೆ ದೊರಕಿತೆಂದು ಕೆಲವರೆಂದರು. ಹೆಂಗಸಿನ ಕೈಗೆ ಹಡಗು ಕೊಟ್ಟರೆ ಇನ್ನೇನಾದೀತೆಂದು ಕೆಲವರೆಂದರು. ಸಾಮಾಜಿಕ ಜಾಲತಾಣಗಳಲ್ಲಿ ನಿಂದೆಯ ಮಳೆಯೇ ಸುರಿಯಿತು. ಆ ಹಡಗನ್ನು ಕಂಡೇ ಇಲ್ಲದ ಬೇರೆ ಮಹಿಳಾ ಸಿಬ್ಬಂದಿಯನ್ನು ಕೂಡ, ಸಮವಸ್ತ್ರ ಧರಿಸಿದ ಒಂದೇ ತಪ್ಪಿಗೆ, ಬೀದಿಯಲ್ಲಿ ಹೀಯಾಳಿಸಿದ ಪ್ರಸಂಗಗಳು ನಡೆದವು. ನಮ್ಮಲ್ಲಿ ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ’ ಎಂಬ ಗಾದೆಯುಂಟು. ಆ ದೇಶದಲ್ಲಿ ಗಾದೆ ಬೇರೆಯಿರಬಹುದು. ಅದರ ಹಿಂದಿನ ಮನಸ್ಸು ಮಾತ್ರ ಒಂದೇ.

ಆಗಿನ ರಕ್ಷಣಾ ಸಚಿವೆ ಜೂಡಿತ್ ಕಾಲಿನ್ಸ್ ಈ ಟೀಕಾಕಾರರನ್ನು ಬಹಿರಂಗವಾಗಿ ಖಂಡಿಸಿದರು. ಅವಘಡದ ಕಾರಣ ಇನ್ನೂ ತಿಳಿದಿಲ್ಲ, ಆದರೆ ಕಮಾಂಡರು ಹೆಣ್ಣೆಂಬುದು ಮಾತ್ರ ಅದರ ಕಾರಣವಲ್ಲ ಎಂಬುದು ಅವರ ಮಾತಿನ ಸಾರಾಂಶ. ಗ್ರೇ ಅವರದು ಸುಮಾರು 30 ವರ್ಷಗಳ ನೌಕಾಸೇವೆ; ಬ್ರಿಟಿಷ್ ನೌಕಾಪಡೆಯಲ್ಲಿ ಕೆಲಸ ಮಾಡಿ ಅನಂತರ ನ್ಯೂಜಿಲೆಂಡಿಗೆ ಬಂದವರು. ಆದರೆ ಅನುಭವದ ಲೆಕ್ಕ ಯಾರಿಗೆ ಬೇಕು? ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವರ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ದೊಡ್ಡದೇ.

ಹಾಗಾದರೆ ನಿಜವಾಗಿ ನಡೆದದ್ದೇನು? ನೌಕಾಪಡೆ ನೇಮಿಸಿದ ವಿಚಾರಣಾ ನ್ಯಾಯಾಲಯದ ಮೊದಲ ನಿರ್ಣಯಗಳು 2024ರ ನವೆಂಬರ್ 29ರಂದು ಹೊರಬಂದವು. ನೇರ ಕಾರಣ ಮನುಷ್ಯರ ತಪ್ಪುಗಳ ಸರಣಿ. ಹಡಗು ತಾನಾಗಿಯೇ ಗೊತ್ತುಮಾಡಿದ ದಿಕ್ಕಿನಲ್ಲಿ ಸಾಗುವಂತೆ ಮಾಡುವ ಯಂತ್ರವ್ಯವಸ್ಥೆಗೆ ಆಟೋಪೈಲಟ್ ಎಂದು ಹೆಸರು. ಅದು ಕೆಲಸ ಮಾಡುತ್ತಿರುವಷ್ಟು ಕಾಲ ಕೈಯಿಂದ ಕೊಡುವ ಆದೇಶವನ್ನು ಹಡಗು ಪಾಲಿಸದು. ಆ ಸಂಜೆ ಹಡಗನ್ನು ತಿರುಗಿಸಲು ಯತ್ನಿಸಿದಾಗ ಅದು ತಿರುಗಲಿಲ್ಲ. ನೂಕುಯಂತ್ರಗಳು ಕೆಟ್ಟಿವೆಯೆಂದು ಸಿಬ್ಬಂದಿ ಭಾವಿಸಿದರು. ವಾಸ್ತವವಾಗಿ ಯಂತ್ರಗಳು ಸರಿಯಾಗಿಯೇ ಇದ್ದವು. ಆಟೋಪೈಲಟ್ಟನ್ನು ತೆಗೆದಿರಲಿಲ್ಲ, ಅಷ್ಟೆ. ಹಡಗು ನೆಟ್ಟನೆ ದಡದ ಕಡೆಗೇ ಸಾಗಿ, ವೇಗ ಹೆಚ್ಚುತ್ತ ಹೋಗಿ, ದಿಬ್ಬಕ್ಕೆ ಬಡಿಯಿತು. ಪಕ್ಕದ ಫಲಕದ ಮೇಲೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಂಗತಿ ಗೊತ್ತಾಗುತ್ತಿತ್ತು. ಕಮಾಂಡರ್ ಸಹಿತವಾಗಿ ಮೂವರು ಶಿಸ್ತಿನ ವಿಚಾರಣೆಯನ್ನು ಎದುರಿಸಬೇಕಾಗುವುದೆಂದು ಆಗಲೇ ತಿಳಿಸಲಾಯಿತು.

ಇಲ್ಲಿ ಟೀಕಾಕಾರರು, ‘ನೋಡಿದಿರಾ, ನಾವು ಹೇಳಿದ್ದೇ ನಿಜವಾಯಿತು’ ಎನ್ನಬಹುದು. ಆಗಲಿಲ್ಲ. ಕಮಾಂಡರು ತಪ್ಪು ಮಾಡಿರಲಾರರೆಂದು ವಿವೇಕಿಗಳಾರೂ ವಾದಿಸಿರಲಿಲ್ಲ. ಹಡಗಿನ ಹೊಣೆ ಕಮಾಂಡರದೇ. ಅದು ಕಡಲಿನ ಹಳೆಯ ನಿಯಮ, ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ‘ತಪ್ಪು ಮಾಡಿದರು’ ಎಂಬ ಮಾತು ಬೇರೆ, ‘ಹೆಣ್ಣಾದ್ದರಿಂದ ತಪ್ಪು ಮಾಡಿದರು’ ಎಂಬ ಮಾತು ಬೇರೆ. ಮೊದಲನೆಯದನ್ನು ಸಾಕ್ಷ್ಯದಿಂದ ಸಾಧಿಸಬಹುದು. ಎರಡನೆಯದಕ್ಕೆ ಸಾಕ್ಷ್ಯವೇ ಬೇಕಾಗಿಲ್ಲ. ಅದು ಹಡಗು ಮುಳುಗುವ ಮೊದಲೇ ಆಡುವವನ ಮನಸ್ಸಿನಲ್ಲಿ ಸಿದ್ಧವಾಗಿತ್ತು.

2025ರ ಏಪ್ರಿಲ್ 4ರಂದು ಪ್ರಕಟವಾದ ಪೂರ್ಣ ವರದಿ ಇನ್ನೂ ಆಳಕ್ಕೆ ಇಳಿಯಿತು. ಸಿಬ್ಬಂದಿಯ ತರಬೇತಿ ಅನುಭವಗಳಲ್ಲಿ ಕೊರತೆ, ಅಳತೆಯ ಕೆಲಸಕ್ಕೆ ಮಾಡಿಕೊಂಡ ಯೋಜನೆಯಲ್ಲಿ ಲೋಪ, ಅಪಾಯದ ಅಂದಾಜಿನಲ್ಲಿ ಲೋಪ, ಮೇಲ್ವಿಚಾರಣೆಯಲ್ಲಿ ಲೋಪ, ಇವೆಲ್ಲದರ ಹಿಂದೆ ನೌಕಾಪಡೆಯ ಜನಬಲದ ಅಭಾವ ಮತ್ತು ಕಷ್ಟವಿದ್ದರೂ ಹೇಗಾದರೂ ಕೆಲಸ ಮುಗಿಸಿಬಿಡೋಣವೆಂಬ ರೂಢಿ. ಇವು ಒಬ್ಬರ ದೋಷಗಳಲ್ಲ. ಒಂದು ವ್ಯವಸ್ಥೆಯ ದೋಷಗಳು. ಲೋಕದ ನಾಲಗೆ ಕೊಟ್ಟ ತೀರ್ಪನ್ನೇ ಒಪ್ಪಿ ಒಬ್ಬಾಕೆಯನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿದ್ದರೆ ಈ ದೋಷಗಳು ಹಾಗೆಯೇ ಉಳಿದು, ಮುಂದಿನ ಹಡಗನ್ನೂ ಬಂಡೆಯ ಮೇಲೆ ಕೂರಿಸುತ್ತಿದ್ದವು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಳೆದಂತಾಗುತ್ತಿತ್ತು. ಎಮ್ಮೆಗೆ ಅನ್ಯಾಯವಾಗುವುದಲ್ಲದೆ ಎತ್ತಿನ ಜ್ವರವೂ ಇಳಿಯುವುದಿಲ್ಲ.

ಇತಿಹಾಸವನ್ನು ಕೊಂಚ ತಿರುವಿ ನೋಡೋಣ. 1923ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯದ ಹೋಂಡಾ ಭೂಶಿರದ ಬಳಿ, ಮಂಜಿನಲ್ಲಿ, ಅಮೆರಿಕದ ಏಳು ಯುದ್ಧನೌಕೆಗಳು ಒಂದರ ಹಿಂದೊಂದು ಬಂಡೆಗಳಿಗೆ ಬಡಿದು ನಾಶವಾದವು. 23 ನಾವಿಕರು ಸತ್ತರು. 2013ರ ಜನವರಿ 17ರಂದು ಅಮೆರಿಕದ್ದೇ ಆದ ‘ಗಾರ್ಡಿಯನ್’ ಎಂಬ ನೌಕೆ ಫಿಲಿಪೀನ್ಸಿನ ಟುಬ್ಬಟಾಹ ಹವಳದ ದಿಬ್ಬದ ಮೇಲೆ ಏರಿ ಕುಳಿತಿತು. ವಿದ್ಯುನ್ಮಾನ ನಕಾಶೆಯಲ್ಲಿ ದಿಬ್ಬದ ಜಾಗವೇ ತಪ್ಪಾಗಿ ನಮೂದಾಗಿದ್ದುದು ಅಲ್ಲಿನ ಒಂದು ಕಾರಣ. ಆ ನೌಕೆಯನ್ನು ತುಂಡುತುಂಡಾಗಿ ಕತ್ತರಿಸಿ ಸಾಗಿಸಬೇಕಾಯಿತು. ಈ ಎರಡು ಪ್ರಸಂಗಗಳಲ್ಲಿಯೂ ಮುಖ್ಯಾಧಿಕಾರಿಗಳು ಪುರುಷರು. ಅವರನ್ನು ವಿಚಾರಣೆಗೆ ಗುರಿಪಡಿಸಿದರು, ಹುದ್ದೆಯಿಂದ ಇಳಿಸಿದರು. ಆದರೆ ಗಂಡಸರಿಗೆ ಹಡಗು ನಡೆಸಲು ಬಾರದೆಂಬ ಸಿದ್ಧಾಂತವನ್ನು ಯಾರೂ ಹೊರಡಿಸಲಿಲ್ಲ. ಗಂಡಸು ತಪ್ಪಿದರೆ ಒಬ್ಬ ತಪ್ಪಿದ. ಹೆಂಗಸು ತಪ್ಪಿದರೆ ಹೆಣ್ಣುಕುಲವೇ ತಪ್ಪಿತು! ಈ ತಕ್ಕಡಿಯಲ್ಲಿ ಕಲ್ಲು ಕಟ್ಟಿದೆಯೆಂದು ಹೇಳಲು ಹೆಚ್ಚಿನ ಪಾಂಡಿತ್ಯ ಬೇಡ.

ಹಾಗೆಂದ ಮಾತ್ರಕ್ಕೆ ಜನ ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ಸಮೋವಾದ ತೀರದ ಹಳ್ಳಿಗರು ಸುಮ್ಮನಿರಲಿಲ್ಲ. ಮುಳುಗಿದ ಹಡಗಿನಲ್ಲಿ ನೂರಾರು ಟನ್ ಡೀಸೆಲ್ ಎಣ್ಣೆಯಿತ್ತು. ಎಣ್ಣೆ ಸೋರಿದರೆ ಮೀನಿನ ಗತಿಯೇನು, ನಮ್ಮ ಊಟದ ಗತಿಯೇನು, ಮುರಿದ ಹವಳಕ್ಕೆ ಬೆಲೆ ಕಟ್ಟುವವರಾರು ಎಂದು ಅವರು ಕೇಳಿದರು. ಸುತ್ತಲಿನ ನೀರಿನಲ್ಲಿ ಮೀನು ಹಿಡಿಯಬಾರದೆಂಬ ನಿರ್ಬಂಧ ತಿಂಗಳುಗಟ್ಟಲೆ ಇತ್ತು. ಅವರಿಗೆ ಕಮಾಂಡರು ಗಂಡೋ ಹೆಣ್ಣೋ ಎಂಬುದು ಮುಖ್ಯವಾಗಿರಲಿಲ್ಲ. ಬಲೆಗೆ ಬೀಳುವ ಮೀನು ಮುಖ್ಯವಾಗಿತ್ತು. ಹಡಗಿನ ಎಣ್ಣೆಯನ್ನು ತೆಗೆದದ್ದು, 2025ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಒಂದು ಕೋಟಿ ಟಾಲಾ ಹಣವನ್ನು ಸಮೋವಾ ಸರ್ಕಾರಕ್ಕೆ ಕೊಟ್ಟದ್ದು, ಇವು ಇಂಥ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ಬೈಗುಳದಿಂದ ಒಂದು ತೊಟ್ಟು ಎಣ್ಣೆಯೂ ಹೊರಬರಲಿಲ್ಲ.

ನಮ್ಮ ನಾಡಿನ ಕರಾವಳಿಯಲ್ಲಿಯೇ ಇಂಥ ಪ್ರಶ್ನೆ ಕೇಳಿದವರುಂಟು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅಪಹರಣವಾಯಿತೆಂಬ ಊಹೆಯೂ, ದೊಡ್ಡ ಹಡಗು ಬಡಿಯಿತೆಂಬ ಶಂಕೆಯೂ ಹಬ್ಬಿದವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ‘ನಮ್ಮವರೆಲ್ಲಿ?’ ಎಂದು ಕೇಳಿದರು. ಕಡೆಗೆ ಮೇ ತಿಂಗಳಿನಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ದೋಣಿಯ ಅವಶೇಷವನ್ನು ಕಂಡುಹಿಡಿಯಿತು. ಆ ನಾಲ್ಕೂವರೆ ತಿಂಗಳು ಏಳು ಮನೆಗಳ ಜನ ಊಹಾಪೋಹಗಳ ನಡುವೆ ಹೇಗೆ ಬದುಕಿದರೆಂಬುದನ್ನು ಯೋಚಿಸಿದರೆ, ಸತ್ಯವನ್ನು ಬೇಗ ಹೇಳಬೇಕಾದ ಸರ್ಕಾರದ ಹೊಣೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಉತ್ತರ ತಡವಾದಲ್ಲಿ ವದಂತಿ ಬೆಳೆಯುತ್ತದೆ.

ಕಾರಣ ಹುಡುಕುವ ಈ ಶಿಸ್ತು ನಮ್ಮ ಸೀಮೆಗೆ ಹೊಸತಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವವರ ಮನೆಯಲ್ಲಿ ಹುಳು ಸತ್ತರೆ, ಯಾರದೋ ದೃಷ್ಟಿ ತಾಗಿತೆನ್ನುವ ಮಾತು ಸುಲಭ. ಆದರೆ 1865ರಿಂದಾಚೆಗೆ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ತಾಯಿಚಿಟ್ಟೆಯನ್ನು ಪರೀಕ್ಷಿಸಿ, ಗಂಟುರೋಗ ಮೊಟ್ಟೆಯ ಮೂಲಕವೇ ಬರುತ್ತದೆಂದು ತೋರಿಸಿದ್ದರಿಂದಲೇ ರೋಗವಿಲ್ಲದ ಮೊಟ್ಟೆ ಇಂದು ನಮಗೆ ದೊರೆಯುತ್ತಿದೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಮಾಡಿದ್ದೂ ಇದನ್ನೇ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ, ಮರುವರ್ಷ ಅಲ್ಲಿಗೆ ಹೋದ ಅವರು ಮಳೆಯ ಲೆಕ್ಕ ತರಿಸಿದರು. ನದಿಯ ಮೇಲ್ಭಾಗದಲ್ಲಿ ಒಡೆದ ಕೆರೆಗಳನ್ನು ಗಮನಕ್ಕೆ ತಂದುಕೊಂಡರು. ಪ್ರವಾಹವನ್ನು ತಡೆಯುವ ಜಲಾಶಯಗಳನ್ನು ಸೂಚಿಸಿದರು. ಯಾರನ್ನು ಬೈಯಬೇಕೆಂದು ಅವರು ಹುಡುಕಲಿಲ್ಲ. ಮತ್ತೆ ಹಾಗಾಗದಂತೆ ಏನು ಮಾಡಬೇಕೆಂದು ಹುಡುಕಿದರು.

ಕಡೆಯದಾಗಿ ಒಂದು ಮಾತನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ಮನವಾನುಯಿ ಮುಳುಗುವ ನಾಲ್ಕು ದಿನ ಮೊದಲು, 2024ರ ಅಕ್ಟೋಬರ್ 2ರಂದು, ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರುಗಳಾದ ದಿಲ್ನಾ ಮತ್ತು ರೂಪಾ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟರು. ಇಬ್ಬರೇ ಹೆಂಗಸರು ಭೂಮಿಯನ್ನು ಸುತ್ತಿ, ನ್ಯೂಜಿಲೆಂಡಿನ ಲಿಟ್ಟಲ್ಟನ್ ಬಂದರನ್ನೂ ಮುಟ್ಟಿ, 2025ರ ಮೇ 29ರಂದು ಹಿಂದಿರುಗಿದರು. ಇದರಿಂದ ಹೆಂಗಸರೇ ಒಳ್ಳೆಯ ನಾವಿಕರೆಂದು ಸಾರಹೊರಟರೆ ಅದೂ ಟೀಕಾಕಾರರ ತಪ್ಪನ್ನೇ ತಿರುಗಿಸಿ ಮಾಡಿದಂತೆ. ಅವರು ಹೊರಡುವ ಮುನ್ನ ಮೂರು ವರ್ಷ ಅಭ್ಯಾಸ ಮಾಡಿದ್ದರು. ಮನವಾನುಯಿಯಲ್ಲಿ ಕೊರತೆಯಾದದ್ದು ಆ ಅಭ್ಯಾಸವೇ. ಕಡಲು ಚುಕ್ಕಾಣಿ ಹಿಡಿದವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕಲಿತಿದ್ದಾರೆಯೇ, ಎಚ್ಚರವಾಗಿದ್ದಾರೆಯೇ ಎಂದಷ್ಟೇ ಕೇಳುತ್ತದೆ. ದಡದಲ್ಲಿರುವ ನಾವೂ ಅಷ್ಟನ್ನೇ ಕೇಳುವುದನ್ನು ಕಲಿತರೆ ಸಾಕು.