ಸಾಲಾಗಿ ಆರಿದ ದೀಪಗಳು

2012ರ ಜುಲೈ 30. ಬೆಳಗಿನ ಜಾವ 2 ಗಂಟೆ 33 ನಿಮಿಷ. ಸೆಕೆಯಿಂದ ಬೇಯುತ್ತಿದ್ದ ದಿಲ್ಲಿಯ ಮನೆಗಳಲ್ಲಿ ಫ್ಯಾನುಗಳು ಮೆಲ್ಲಗೆ ನಿಂತುಹೋದವು. ಫ್ಯೂಸ್ ಹೋಗಿರಬೇಕೆಂದು ಕಿಟಕಿಯಾಚೆ ಇಣುಕಿದವರಿಗೆ ಬೀದಿಯೆಲ್ಲ ಕತ್ತಲು. ಬೀದಿಯೊಂದೇ ಏನು, ಕಾಶ್ಮೀರದಿಂದ ಉತ್ತರ ಪ್ರದೇಶದವರೆಗೆ ಹೆಚ್ಚುಕಡಿಮೆ ಇಡೀ ಉತ್ತರ ಭಾರತವೇ ಕತ್ತಲಲ್ಲಿ ಮುಳುಗಿತ್ತು.

ಇಷ್ಟಕ್ಕೆಲ್ಲ ಮೊದಲಾದದ್ದು ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಣ 400 ಕಿಲೋವೋಲ್ಟಿನ ಒಂದು ಮಾರ್ಗದಲ್ಲಿ. ಜೋಡಿ ಮಾರ್ಗಗಳಲ್ಲೊಂದನ್ನು ಕೆಲಸಕ್ಕಾಗಿ ನಿಲ್ಲಿಸಲಾಗಿತ್ತು. ಉತ್ತರದ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿದ್ದುದರಿಂದ ಉಳಿದೊಂದರ ಮೇಲೆ ಭಾರವೇರಿತು. ಅಲ್ಲಿ ಸಿಡಿಲು ಬಡಿದಿರಲಿಲ್ಲ, ತಂತಿ ಹರಿದಿರಲಿಲ್ಲ. ಕಾವಲಿಗಿದ್ದ ರಿಲೇ ಎಂಬ ಸಾಧನವು ಭಾರವನ್ನೇ ದೋಷವೆಂದು ಬಗೆದು ಮಾರ್ಗವನ್ನು ಕಡಿದುಹಾಕಿತು. ಜನಜಂಗುಳಿಯನ್ನು ಕಂಡು ಕಳ್ಳರೆಂದು ಬೆಚ್ಚಿದ ಕಾವಲುಗಾರ ಬಾಗಿಲು ಮುಚ್ಚಿದಂತೆ!

ಒಂದು ದಾರಿ ಮುಚ್ಚಿದರೆ ವಿದ್ಯುತ್ತು ಸುಮ್ಮನಿರುವುದಿಲ್ಲ. ಉಳಿದ ದಾರಿಗಳಿಗೆ ನುಗ್ಗುತ್ತದೆ. ಆ ಹೊರೆಯನ್ನು ತಾಳಲಾರದೆ ಅವೂ ಒಂದೊಂದಾಗಿ ಕಳಚಿದವು. ಜಾಲದ ಜನರೇಟರುಗಳೆಲ್ಲ ಸೆಕೆಂಡಿಗೆ 50 ಆವರ್ತಗಳ ಒಂದೇ ತಾಳಕ್ಕೆ ತಿರುಗಬೇಕು. ತಾಳ ತಪ್ಪಿದೊಡನೆ, ತಮ್ಮನ್ನು ತಾವು ಉಳಿಸಿಕೊಳ್ಳಲು ಅವು ಸಾಲಾಗಿ ಜಾಲದಿಂದ ಕಳಚಿಕೊಂಡವು.

ಹೀಗೆ ಆರಿದ ಉಷ್ಣ ವಿದ್ಯುದಾಗಾರವನ್ನು ಮತ್ತೆ ಹೊತ್ತಿಸಲು ಬೆಂಕಿಕಡ್ಡಿ ಸಾಲದು. ಅದರ ಪಂಪುಗಳೂ ಕಲ್ಲಿದ್ದಲು ಅರೆಯುವ ಯಂತ್ರಗಳೂ ನಡೆಯುವುದಕ್ಕೆ ವಿದ್ಯುತ್ತೇ ಬೇಕು! ಜಲವಿದ್ಯುದಾಗಾರಗಳಿಂದಲೂ ನೆರೆಯ ಜಾಲಗಳಿಂದಲೂ ಕೊಂಚ ಕೊಂಚವೇ ಎರವಲು ತಂದು ಉತ್ತರವನ್ನು ಬೆಳಗಿಸಿದ್ದಾಯಿತು.

ಮರುದಿನ ಮಧ್ಯಾಹ್ನ 1 ಗಂಟೆಗೆ ಮತ್ತೆ ಅದೇ ಕಥೆ. ಈ ಬಾರಿ ಪೂರ್ವ ಮತ್ತು ಈಶಾನ್ಯ ಭಾರತಗಳೂ ಕೂಡಿದವು. 60 ಕೋಟಿಗೂ ಹೆಚ್ಚು ಜನರ ನೆಲ. ರೈಲುಗಳು ನಡುದಾರಿಯಲ್ಲಿ ನಿಂತವು. ಪಶ್ಚಿಮ ಬಂಗಾಳದ ಗಣಿಗಳಲ್ಲಿ ಲಿಫ್ಟುಗಳು ನಿಂತು ಸುಮಾರು 200 ಕಾರ್ಮಿಕರು ನೆಲದಡಿಯಲ್ಲಿ ಸಿಲುಕಿದರು. ಅವರೆಲ್ಲ ಜೀವಸಹಿತ ಮೇಲೆ ಬಂದರೆಂಬುದೇ ಆ ದಿನದ ಸಮಾಧಾನ.

ದಕ್ಷಿಣಕ್ಕೂ ಕೊಂಚ ಬಿಸಿ ತಟ್ಟಿತಾದರೂ ಜಾಲ ಕುಸಿಯಲಿಲ್ಲ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಮಾರ್ಗದಂತಹ ಏಕಮುಖ ಪ್ರವಾಹದ ಕೊಂಡಿಗಳಷ್ಟೇ ಆಗ ಅದನ್ನು ಉಳಿದ ಭಾರತಕ್ಕೆ ಬೆಸೆದಿದ್ದವು. ಅಂಥ ಕೊಂಡಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಒಂದು ಜಾಲದ ತಾಳ ಇನ್ನೊಂದಕ್ಕೆ ಅಂಟುವುದಿಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗವು ಈ ಬೇರ್ಪಾಟನ್ನು ಕೊನೆಗೊಳಿಸಿತು. ಕೊರತೆಯ ದಿನಗಳಲ್ಲಿ ಉತ್ತರದ ವಿದ್ಯುತ್ತು ದಕ್ಷಿಣಕ್ಕೆ ಇನ್ನಷ್ಟು ಹರಿದು ಬರುವಂತಾಯಿತು. ಅಂದಿನಿಂದ ಶರಾವತಿಯ ಯಂತ್ರಗಳೂ ಭಾಕ್ರಾದ ಯಂತ್ರಗಳೂ ಒಂದೇ ತಾಳಕ್ಕೆ ತಿರುಗುತ್ತಿವೆ.