ಒಂದು ಪಿಕಪ್‌ಗೆ ಎರಡು ಬ್ಯಾಟರಿ ಏಕೆ?

ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಹೂವು, ದ್ರಾಕ್ಷಿ, ಗೌರಿಬಿದನೂರಿಗೆ ಮೆಕ್ಕೆಜೋಳ. ಬೆಳೆ ಯಾವುದೇ ಆಗಲಿ, ಅದನ್ನು ಹೊಲದಿಂದ ಮಾರುಕಟ್ಟೆಗೆ ಮುಟ್ಟಿಸುವುದು ಬಹುಮಟ್ಟಿಗೆ ಡೀಸೆಲ್ ಪಿಕಪ್. ಕೋಳಿ ಕೂಗುವ ಮುನ್ನವೇ ಈ ಊರುಗಳ ರಸ್ತೆಗಳಲ್ಲಿ ಅದರ ಸದ್ದು ಕೇಳುತ್ತದೆ. ಅಂಥ ಹೊತ್ತಿನಲ್ಲಿ ಕೀಲಿ ತಿರುಗಿಸಿದಾಗ ‘ಟಕ್’ ಎಂದಷ್ಟೇ ಸದ್ದಾಗಿ ಗಾಡಿ ಸುಮ್ಮನಾದರೆ?

ರೇಷ್ಮೆ ಬೆಳೆಗಾರನಿಗೆ ಇದು ಸಣ್ಣ ತೊಂದರೆಯಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡಿನೊಳಗೆ ಇರುವುದು ಜೀವಂತ ಕೋಶ. ಒತ್ತಾಗಿ ತುಂಬಿದ ಗೂಡು ಬಿಸಿಲಿನಲ್ಲಿ ನಿಂತರೆ ಕೋಶ ಸತ್ತು ಗೂಡಿಗೆ ಕಲೆ ಹತ್ತುತ್ತದೆ, ಬೆಲೆ ಬೀಳುತ್ತದೆ. ಒಂದು ತಿಂಗಳ ದುಡಿಮೆ ಒಂದು ಬೆಳಗಿನಲ್ಲಿ ಕೈಬಿಡಬಹುದು.

‘ಇನ್ನೊಂದು ಬ್ಯಾಟರಿ ಹಾಕಿಸಿಬಿಡೋಣ’ ಎಂಬ ಯೋಚನೆ ಆಗ ಬರುವುದು ಸಹಜ. ಆದರೆ ಬ್ಯಾಟರಿ ಎರಡಾದರೆ ಬಲವೂ ಎರಡರಷ್ಟು ಎನ್ನುವುದು ಅರ್ಧ ಸತ್ಯ. ತಪ್ಪಾಗಿ ಜೋಡಿಸಿದರೆ ಎರಡೂ ಒಟ್ಟಿಗೆ ಬರಿದಾಗುತ್ತವೆ. ಗಾಡಿಗೆ ಬೆಂಕಿ ಬೀಳುವುದೂ ಉಂಟು. ಸರಿಯಾಗಿ ಜೋಡಿಸುವ ವಿದ್ಯೆಯ ಮೂಲಪಾಠ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಡೀಸೆಲ್‌ನ ಹಟ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ, ಇಂದಿಗೂ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರನೆಯ ಒಂದು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ.

ಅಷ್ಟು ಬಿಗಿಯಾಗಿ ಗಾಳಿಯನ್ನು ಒತ್ತಲು ಎಂಜಿನ್ ಅನ್ನು ಮೊದಲು ಯಾರಾದರೂ ತಿರುಗಿಸಬೇಕಲ್ಲ? ಆ ಕೆಲಸ ಸ್ಟಾರ್ಟರ್ ಮೋಟಾರಿನದು. ಪಿಕಪ್ ಗಾತ್ರದ ಡೀಸೆಲ್ ಎಂಜಿನ್ ತಿರುಗಿಸಲು ಅದು ಕೆಲವು ಸೆಕೆಂಡುಗಳ ಕಾಲ 200ರಿಂದ 300 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ, ಬ್ಯಾಟರಿಯ ರಾಸಾಯನಿಕ ಕ್ರಿಯೆಯೂ ನಿಧಾನವಾಗುವುದರಿಂದ ಕಷ್ಟ ಇನ್ನೂ ಹೆಚ್ಚು.

ಓಟಗಾರ ಮತ್ತು ಹಮಾಲಿ

ಈಗ ಒಂದು ಸಣ್ಣ ಲೆಕ್ಕ. 250 ಆಂಪಿಯರ್‌ನಂತೆ ಮೂರು ಸೆಕೆಂಡು ಎಂದರೆ 750 ಕೂಲಂ. ಒಂದು ಆಂಪಿಯರ್-ಗಂಟೆ ಎಂದರೆ 3600 ಕೂಲಂ. ಅಂದರೆ ಒಮ್ಮೆ ಸ್ಟಾರ್ಟ್ ಮಾಡಲು ಖರ್ಚಾಗುವುದು ಸುಮಾರು 0.2 ಆಂಪಿಯರ್-ಗಂಟೆ ಮಾತ್ರ! 75 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಬೊಗಸೆ ನೀರು.

ಹಾಗಾದರೆ ಬ್ಯಾಟರಿ ಬರಿದಾಗುವುದು ಎಲ್ಲಿ? ಎಂಜಿನ್ ನಿಲ್ಲಿಸಿ ಲೋಡ್ ಮಾಡುವಾಗ ಉರಿಯುವ ದೀಪ, ವ್ಯಾಪಾರದ ಧ್ವನಿವರ್ಧಕ, ಹಾಡು, ಫ್ಯಾನು. ಇವೆಲ್ಲ ಸೇರಿ 10 ಆಂಪಿಯರ್ ಎಳೆದರೆ ನಾಲ್ಕು ಗಂಟೆಯಲ್ಲಿ 40 ಆಂಪಿಯರ್-ಗಂಟೆ ಮುಗಿಯಿತು. ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಖಾಲಿ.

ಸ್ಟಾರ್ಟರ್‌ಗೆ ಬೇಕಾದದ್ದು ನೂರು ಮೀಟರ್ ಓಟಗಾರನ ಕಸುವು. ದೀಪ, ಧ್ವನಿವರ್ಧಕಕ್ಕೆ ಬೇಕಾದದ್ದು ದಿನವಿಡೀ ಮೂಟೆ ಹೊರುವ ಹಮಾಲಿಯ ತಾಳ್ಮೆ. ಬ್ಯಾಟರಿಗಳಲ್ಲೂ ಈ ಎರಡು ಜಾತಿಗಳಿವೆ. ಸ್ಟಾರ್ಟಿಂಗ್ ಬ್ಯಾಟರಿಯ ಸೀಸದ ಫಲಕಗಳು ತೆಳು, ಸಂಖ್ಯೆಯಲ್ಲಿ ಹೆಚ್ಚು. ಮತ್ತೆ ಮತ್ತೆ ಆಳಕ್ಕೆ ಬರಿದಾದರೆ ಬೇಗ ಕೆಡುತ್ತವೆ. ‘ಡೀಪ್ ಸೈಕಲ್’ ಬ್ಯಾಟರಿಯ ಫಲಕಗಳು ದಪ್ಪ. ನಿಧಾನವಾಗಿ ಕೊಟ್ಟು ನಿಧಾನವಾಗಿ ತುಂಬಿಕೊಳ್ಳಬಲ್ಲವು. ಒಂದರ ಕೆಲಸ ಇನ್ನೊಂದಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಎರಡನೆಯ ಬ್ಯಾಟರಿಯ ಉದ್ದೇಶ.

ಸರಣಿಯೋ, ಸಮಾಂತರವೋ?

ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಇರುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ 12 ವೋಲ್ಟಿನ ಎರಡನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಆ ಲಾರಿಯ ದೀಪ, ಮೋಟಾರು ಎಲ್ಲವೂ 24 ವೋಲ್ಟಿನವು. ಅದನ್ನು ನೋಡಿ 12 ವೋಲ್ಟಿನ ಪಿಕಪ್‌ನಲ್ಲೂ ಹಾಗೆಯೇ ಮಾಡಿದರೆ ಬಲ್ಬು, ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುತ್ತವೆ. ಪಿಕಪ್‌ಗೆ ಬೇಕಾದದ್ದು ಸಮಾಂತರ ಜೋಡಣೆ: ಧನಾಗ್ರಕ್ಕೆ ಧನಾಗ್ರ, ಋಣಾಗ್ರಕ್ಕೆ ಋಣಾಗ್ರ.

ಆದರೆ ಇಲ್ಲೇ ಒಂದು ತೊಡಕು. ಬರಿಯ ತಂತಿಯಿಂದ ಸದಾ ಜೋಡಿಸಿಟ್ಟರೆ ಎರಡೂ ಒಂದೇ ಬ್ಯಾಟರಿಯಂತೆ ವರ್ತಿಸುತ್ತವೆ. ರಾತ್ರಿಯ ದೀಪ ಎರಡನ್ನೂ ಕುಡಿದುಬಿಡುತ್ತದೆ. ಒಂದು ಹಳೆಯದು, ಇನ್ನೊಂದು ಹೊಸದಾದರೆ ಹಳೆಯದು ಹೊಸದನ್ನೂ ಕೆಳಗೆಳೆಯುತ್ತದೆ.

ಕೆರೆಯ ಕೋಡಿ ಕಲಿಸುವ ಪಾಠ

ಈ ಭಾಗದ ಸರಪಳಿ ಕೆರೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ಮೇಲೆಯೇ ಕೆಳಗಿನ ಕೆರೆಗೆ ನೀರು. ಬ್ಯಾಟರಿಗಳ ನಡುವೆ ಇಂಥ ಕೋಡಿಯಂತೆ ಕೆಲಸ ಮಾಡುವುದು ವೋಲ್ಟೇಜ್ ಗ್ರಹಿಸುವ ರಿಲೇ. ಎಂಜಿನ್ ಓಡಿ ಆಲ್ಟರ್ನೇಟರ್ ವಿದ್ಯುತ್ ಕೊಡುವಾಗ ಮೊದಲ ಬ್ಯಾಟರಿಯ ವೋಲ್ಟೇಜ್ ಏರಿ ಸುಮಾರು 13.3 ಮುಟ್ಟಿದರೆ ರಿಲೇ ಎರಡನ್ನೂ ಕೂಡಿಸುತ್ತದೆ. ಎಂಜಿನ್ ನಿಂತು ಅದು 12.8ರ ಆಸುಪಾಸಿಗೆ ಇಳಿದರೆ ಬೇರ್ಪಡಿಸುತ್ತದೆ. ದೀಪ, ಧ್ವನಿವರ್ಧಕ ಆಗ ಎರಡನೆಯದನ್ನು ಮಾತ್ರ ಬಳಸುತ್ತವೆ. ಕೈಯಿಂದ ತಿರುಗಿಸುವ ಸ್ವಿಚ್ಚೂ ಸಿಗುತ್ತದೆ, ಅಗ್ಗ. ಆದರೆ ಮರೆತ ದಿನ ಕೈಕೊಡುತ್ತದೆ.

ಹೊಸ ವಾಹನಗಳಲ್ಲಿ ಕೆಲವಕ್ಕೆ ಕಂಪ್ಯೂಟರ್ ಹೇಳಿದಂತೆ ವೋಲ್ಟೇಜ್ ಏರಿಳಿಸುವ ಆಲ್ಟರ್ನೇಟರ್ ಇದೆ. ಅಂಥವಕ್ಕೆ ರಿಲೇ ಸಾಲದು. ಡಿಸಿ-ಡಿಸಿ ಚಾರ್ಜರ್ ಬೇಕು. ವಾರಂಟಿ ಇರುವ ಗಾಡಿಯಾದರೆ ತಂತಿ ಕತ್ತರಿಸುವ ಮುನ್ನ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳುವುದು ಮೇಲು.

ತಂತಿಯ ದಪ್ಪ, ಫ್ಯೂಸಿನ ಜಾಗ

ಹಣ ಉಳಿಸುವ ಆಸೆಗೆ ತೆಳು ತಂತಿ ಹಾಕಿದರೆ ಏನಾಗುತ್ತದೆ? 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರಿಗೆ ಸುಮಾರು 0.034 ಓಮ್ ರೋಧ ಒಡ್ಡುತ್ತದೆ. ಅದರಲ್ಲಿ 60 ಆಂಪಿಯರ್ ಹರಿದರೆ ಎರಡು ವೋಲ್ಟ್ ದಾರಿಯಲ್ಲೇ ನಷ್ಟ. ಉಂಟಾಗುವ ಶಾಖ 120 ವ್ಯಾಟ್‌ಗೂ ಹೆಚ್ಚು: 60 ವ್ಯಾಟಿನ ಎರಡು ಹಳೆಯ ಬಲ್ಬುಗಳ ಕಾವು ತಂತಿಯ ಹೊದಿಕೆಯೊಳಗೆ! ಅದೇ 16 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಮೂರನೆಯ ಒಂದು ವೋಲ್ಟ್ ಮಾತ್ರ.

ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಫ್ಯೂಸ್ ಕೂಡ ಎರಡು ಬೇಕು. ಪ್ರತಿ ಬ್ಯಾಟರಿಯ ಧನಾಗ್ರದಿಂದ ಒಂದು ಗೇಣಿನೊಳಗೆ. ತಂತಿ ಎಲ್ಲಾದರೂ ಉಜ್ಜಿ ಚಾಸಿಗೆ ತಗುಲಿದರೆ ಸಾವಿರ ಆಂಪಿಯರ್ ಹರಿಯಬಲ್ಲದು. ಫ್ಯೂಸ್ ಇಲ್ಲದಿದ್ದರೆ ತಂತಿಯೇ ಫ್ಯೂಸ್ ಆಗುತ್ತದೆ.

ಬಿಚ್ಚುವಾಗ ಮೊದಲು ಋಣಾಗ್ರ, ಜೋಡಿಸುವಾಗ ಕೊನೆಗೆ ಋಣಾಗ್ರ ಎಂಬುದು ನಿಯಮ. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಡಬೇಕು. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಸಿಡಿಯಬಲ್ಲದು. ಆದ್ದರಿಂದ ಬ್ಯಾಟರಿ ಗಾಳಿಯಾಡುವ ಜಾಗದಲ್ಲಿ, ಅಲುಗದಂತೆ ಕೂತಿರಬೇಕು. ಹತ್ತಿರ ಬೀಡಿ ಕೂಡದು.

ಎಷ್ಟು ಓಡಿದರೆ ತುಂಬೀತು?

ಖರ್ಚಾದ 40 ಆಂಪಿಯರ್-ಗಂಟೆಯನ್ನು 20 ಆಂಪಿಯರ್‌ನಂತೆ ತುಂಬಲು ಕನಿಷ್ಠ ಎರಡು ಗಂಟೆ ಬೇಕು. ಚಿಂತಾಮಣಿಯಿಂದ ಬೆಂಗಳೂರಿನ ದಾರಿಗೆ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಅರ್ಧ ಗಂಟೆ ಓಡಿಸಿ ನಿಲ್ಲಿಸುವವರಿಗೆ ಕಾಲುಭಾಗವಷ್ಟೇ ತುಂಬುತ್ತದೆ. ಅಂಥವರು ಬ್ಯಾಟರಿ ಹೆಚ್ಚಿಸುವ ಮೊದಲು ದೀಪಗಳನ್ನು ಎಲ್‌ಇಡಿಗೆ ಬದಲಿಸುವುದು ಲಾಭ.

ಎಂಜಿನ್ ನಿಂತಾಗ ಏನನ್ನೂ ಬಳಸದವರಿಗೆ ಎರಡನೆಯ ಬ್ಯಾಟರಿ ಬೇಕಾಗಿಯೇ ಇಲ್ಲ. ಟರ್ಮಿನಲ್‌ನ ಬಿಳಿ ಬೂಷ್ಟು ಒರೆಸಿ ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಮತ್ತೆ ಸ್ಟಾರ್ಟ್ ಆಗುತ್ತವೆ. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬಾರದು. ಸೀಸ ಮಕ್ಕಳ ಮೆದುಳಿಗೆ ವಿಷ. ಅದನ್ನು ಮಾರಿದವರಿಗೇ ಹಿಂದಿರುಗಿಸಬೇಕು.

ಮಲ್ಟಿಮೀಟರ್ ಹಿಡಿದು ನೋಡಿ

ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ:
12.6 ವೋಲ್ಟ್ ಅಥವಾ ಹೆಚ್ಚು – ಪೂರ್ತಿ ತುಂಬಿದೆ
12.2 ವೋಲ್ಟ್ – ಸುಮಾರು ಅರ್ಧ
12.0 ವೋಲ್ಟ್ – ಕಾಲುಭಾಗ
11.8 ವೋಲ್ಟ್ – ಬರಿದು

ಮನೆಯಲ್ಲಿ ಪಿಕಪ್ ಇರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಹಿರಿಯರ ಎದುರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ಓಮನ ನಿಯಮ ಬಾಯಿಪಾಠವಾಗಿ ಉಳಿಯುವುದಿಲ್ಲ. ಎಸ್ಸೆಸ್ಸೆಲ್ಸಿಯ ನಂತರ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯಲು ಹೊರಟ ಮಗನನ್ನೋ ಮಗಳನ್ನೋ ‘ಓದು ಹತ್ತಲಿಲ್ಲ’ ಎಂದು ಹಂಗಿಸುವ ತಂದೆತಾಯಿ ಮೇಲಿನ ಲೆಕ್ಕಗಳನ್ನು ಒಮ್ಮೆ ಮಾಡಿ ನೋಡಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಹೇಳುತ್ತಲೇ ಬಂದವರು. ‘ಈ ತಂತಿ ಇಷ್ಟೇ ದಪ್ಪ ಏಕೆ? ಫ್ಯೂಸ್ ಎಲ್ಲಿ?’ ಎಂದು ಗ್ಯಾರೇಜಿನಲ್ಲಿ ಕೇಳುವ ಹುಡುಗ ಅಥವಾ ಹುಡುಗಿ ಅದೇ ಮಣ್ಣಿನ ಪಾಠವನ್ನು ಮುಂದುವರಿಸಿದಂತೆ.