ಪಫ್ಸ್ ಒಳಗೆ ಹಲಸಿನ ಬೆರಟಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಯಾವ ಪೇಟೆಗೆ ಹೋದರೂ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಪಫ್ಸ್ ಇರುತ್ತದೆ. ಒಳಗೆ ಮೊಟ್ಟೆ, ಇಲ್ಲವೇ ಬಟಾಟೆ ನೀರುಳ್ಳಿಯ ಪಲ್ಯ. ಅದೇ ಪೇಟೆ ದಾಟಿ ತೋಟದ ಕಡೆ ತಿರುಗಿದರೆ ಮೇ ತಿಂಗಳಲ್ಲಿ ಹಲಸಿನ ಹಣ್ಣು ಮರದ ಬುಡದಲ್ಲೇ ಬಿದ್ದು ಕೊಳೆಯುತ್ತಿರುತ್ತದೆ. ಇವೆರಡನ್ನು ಸೇರಿಸೋಣ ಎಂದು ಅಂಗಡಿಯಿಂದ ಪಫ್ ಶೀಟ್ ತಂದು, ಹಣ್ಣು ಹೆಚ್ಚಿ ತುಂಬಿ ಓವನ್‌ಗೆ ಇಟ್ಟವರು ಅನೇಕರಿದ್ದಾರೆ. ಹೊರಗೆ ಬರುವುದು ಸಾಮಾನ್ಯವಾಗಿ ಮೇಲೆ ಕೆಂಪಗೆ ಬೆಂದ, ಅಡಿಯಲ್ಲಿ ಹಸಿ ಹಿಟ್ಟಿನಂತೆ ಮೆತ್ತಗಾದ ತಿಂಡಿ. ತಪ್ಪು ಶೀಟಿನದೂ ಅಲ್ಲ, ಓವನ್ನಿನದೂ ಅಲ್ಲ. ಅದು ನೀರಿನ ಲೆಕ್ಕ. ಆ ಲೆಕ್ಕಕ್ಕೆ ಉತ್ತರ ನಮ್ಮ ಹಳೆಯ ಮನೆಗಳ ಅಡುಗೆಕೋಣೆಯಲ್ಲೇ ಇದೆ.

ಮೊದಲು ಶೀಟ್ ಹೇಗೆ ಉಬ್ಬುತ್ತದೆಂದು ನೋಡಬೇಕು. ಅದರಲ್ಲಿ ಯೀಸ್ಟ್ ಇಲ್ಲ, ಸೋಡಾ ಇಲ್ಲ. ಮೈದಾದಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿರುವ ಪ್ರೋಟೀನು ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ, ಎಳೆದರೆ ಹಿಗ್ಗುವ ಜಾಲವಾಗುತ್ತದೆ. ಈ ಹಿಟ್ಟಿನ ಹಾಳೆಯೊಳಗೆ ಗಟ್ಟಿ ಕೊಬ್ಬಿನ ಪದರವಿಟ್ಟು, ಮೂರು ಮಡಿಕೆ ಮಾಡಿ ಲಟ್ಟಿಸಿ, ಮತ್ತೆ ಮೂರು ಮಡಿಕೆ ಮಾಡುತ್ತಾರೆ. ಹೀಗೆ ಆರು ಬಾರಿ ಮಡಚಿದರೆ ಒಂದು ಕೊಬ್ಬಿನ ಪದರ ಲೆಕ್ಕದಲ್ಲಿ 729 ಪದರವಾಗುತ್ತದೆ. ಓವನ್ನಿನ ಬಿಸಿಗೆ ಕೊಬ್ಬು ಕರಗಿ ಪದರಗಳನ್ನು ಬೇರೆಬೇರೆ ಇಡುತ್ತದೆ, ಹಿಟ್ಟಿನಲ್ಲಿದ್ದ ನೀರು ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ 1600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆ ಆವಿ ಒಂದೊಂದು ಪದರವನ್ನೂ ಎತ್ತಿ ಹಿಡಿಯುತ್ತದೆ, ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗುತ್ತದೆ, ಆವಿ ಹೊರಟುಹೋಗಿ ಪದರ ಗರಿಗರಿಯಾಗುತ್ತದೆ. ಪಫ್ಸ್ ಏಳಲು ನೀರು ಬೇಕು, ಎದ್ದ ಮೇಲೆ ಆ ನೀರು ಹೊರಟುಹೋಗಲೂ ಬೇಕು.

ಈ ಮಡಿಕೆಯ ಕೆಲಸವನ್ನು ಕರಾವಳಿಯ ಮನೆಯಲ್ಲಿ ಬೆಣ್ಣೆ ಹಾಕಿ ಮಾಡುವುದು ಬಲು ಕಷ್ಟ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಪೂರ್ತಿ ಕರಗಿಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ಬಂಟ್ವಾಳದ ಅಡುಗೆಮನೆಯ ಉಷ್ಣತೆಯೇ ಅಷ್ಟಿರುತ್ತದೆ. ಕರಗಿದ ಬೆಣ್ಣೆ ಹಿಟ್ಟಿನೊಳಗೆ ಇಂಗಿದರೆ ಪದರ ಎಂಬುದೇ ಉಳಿಯುವುದಿಲ್ಲ. ಆದ್ದರಿಂದ ಸಿದ್ಧ ಶೀಟ್ ಕೊಳ್ಳುವುದನ್ನು ಸೋಮಾರಿತನ ಎನ್ನಬೇಕಾಗಿಲ್ಲ. ನಮ್ಮ ಹವೆಗೆ ಅದೇ ಸರಿ. ಬೇಕರಿಗಳು ಈ ಕೆಲಸಕ್ಕೆ ಇನ್ನೂ ಹೆಚ್ಚಿನ ಬಿಸಿಯಲ್ಲಿ ಕರಗುವ ಮಾರ್ಗರಿನ್ ಬಳಸುವುದೂ ಇದೇ ಕಾರಣಕ್ಕೆ. ಅಂಥ ಕೊಬ್ಬು ಬಾಯಿಯ ಬಿಸಿಗೂ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಹಿಂದೆ ಇವುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಹೆಚ್ಚಿರುತ್ತಿತ್ತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದರ ಪ್ರಮಾಣವನ್ನು ಶೇ. 2ಕ್ಕೆ ಮಿತಿಗೊಳಿಸಿದೆ. ಹಾಗಿದ್ದರೂ ಪೊಟ್ಟಣದ ಹಿಂಬದಿ ಓದಿ, ಬೆಣ್ಣೆಯ ಶೀಟ್ ಸಿಕ್ಕಿದರೆ ಅದನ್ನೇ ಕೊಳ್ಳಿ. ನಮ್ಮ ಪುನರ್ಪುಳಿಯ ಬೀಜದಿಂದ ತೆಗೆಯುವ ತುಪ್ಪ ಸುಮಾರು 40 ಡಿಗ್ರಿಯವರೆಗೆ ಗಟ್ಟಿಯಾಗಿರುತ್ತದೆ. ಸೆಕೆಯ ಊರಿನ ಪದರ ಹಿಟ್ಟಿಗೆ ಅದನ್ನು ಯಾರಾದರೂ ಆಸ್ಥೆಯಿಂದ ಪ್ರಯೋಗಿಸಿ ನೋಡಬೇಕೆಂಬುದು ನನ್ನ ಆಸೆ.

ಇನ್ನು ಹಣ್ಣಿನ ವಿಚಾರ. ಹಲಸಿನ ತೊಳೆಯಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು, ಮಾವಿನಲ್ಲಿ 83, ಅನಾನಸಿನಲ್ಲಿ 86. ಹೆಚ್ಚಿದ ಹಣ್ಣಿಗೆ ಸಕ್ಕರೆ ಬೆರೆಸಿದರೆ ಜೀವಕೋಶಗಳ ಒಳಗಿನ ನೀರು ಸಕ್ಕರೆಯ ಕಡೆಗೆ ಹರಿದು ಇನ್ನಷ್ಟು ರಸ ಒಸರುತ್ತದೆ. ಆ ರಸ ಅಡಿಯ ಪದರಕ್ಕೆ ಇಳಿಯುತ್ತದೆ. ನೀರಿರುವ ಜಾಗದ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಹಿಟ್ಟು ಕಂದು ಬಣ್ಣಕ್ಕೆ ತಿರುಗಿ ಪರಿಮಳ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಓವನ್ 200 ಡಿಗ್ರಿಯಲ್ಲಿದ್ದರೂ ಅಡಿಯ ಪದರ ನೂರರಲ್ಲೇ ನಿಂತು, ಅದರ ಪಿಷ್ಟ ರಸ ಹೀರಿ ಗಂಜಿಯಂತಾಗುತ್ತದೆ.

ಹಲಸಿನ ಹಣ್ಣಿನ ಗಟ್ಟಿಯಲ್ಲಿ ಈ ತೊಂದರೆ ಇಲ್ಲ. ಅಕ್ಕಿಯನ್ನು ಹಣ್ಣಿನ ಜೊತೆ ಕಡೆದು, ಬಾಳೆ ಎಲೆಯಲ್ಲೋ ತೇಗದ ಎಲೆಯಲ್ಲೋ ಮಡಚಿ ಹಬೆಯಲ್ಲಿ ಬೇಯಿಸುವಾಗ ಪಿಷ್ಟ ರಸ ಹೀರಬೇಕೆಂಬುದೇ ನಮ್ಮ ಅಪೇಕ್ಷೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಗಟ್ಟಿಯನ್ನು ಹಿಡಿದಿಡುವುದು ನೀರು ಕುಡಿದು ಉಬ್ಬಿದ ಪಿಷ್ಟ. ಹಾಗಾಗಿ ಗಟ್ಟಿಗೆ ಒಗ್ಗುವ ಹಸಿ ಹಣ್ಣು ಪಫ್ಸ್‌ಗೆ ಒಗ್ಗುವುದಿಲ್ಲ. ಪಫ್ಸ್‌ಗೆ ಬೇಕಾದದ್ದು ನೀರನ್ನು ಮೊದಲೇ ಬಿಟ್ಟುಕೊಟ್ಟ ಹಣ್ಣು, ಅಂದರೆ ಬೆರಟಿ.

ಬಂಟ್ವಾಳ, ವಿಟ್ಲ ಸೀಮೆಯ ಹವ್ಯಕರ ಮನೆಗಳಲ್ಲಿ ಹಲಸಿನ ಕಾಲದಲ್ಲಿ ಬೆರಟಿ ಕಾಸುವುದು ಒಂದು ದೊಡ್ಡ ಕೆಲಸ. ಮುಂದೆ ಬೇಕಾದಾಗ ತೆಗೆದು ತೆಂಗಿನ ಹಾಲು ಸೇರಿಸಿ ಪಾಯಸ ಮಾಡುತ್ತಾರೆ. ಗಟ್ಟಿ ತೊಳೆಯ ಬಕ್ಕೆಯಾದರೆ ತೊಳೆ ಕೊಚ್ಚಿ, ಮೆತ್ತನೆಯ ತುಳುವವಾದರೆ ಹಿಂಡಿ ನಾರು ಸೋಸಿ, ಉರುಳಿಗೆ ಹಾಕಿ ಒಲೆಯ ಮೇಲಿಟ್ಟು ಕೈಬಿಡದೆ ಸಟ್ಟುಗ ಆಡಿಸುತ್ತಾರೆ. ಬೆಲ್ಲ ಸೇರಿಸಿ ಮತ್ತೆ ಕಾಸುತ್ತಾರೆ. ಇದಕ್ಕೇಕೆ ಗಂಟೆಗಟ್ಟಲೆ ಹೊತ್ತು? ಒಂದು ಕಿಲೋ ತೊಳೆಗೆ ಅರ್ಧ ಕಿಲೋ ಬೆಲ್ಲ ಹಾಕಿ, ನೀರಿನಂಶ ಶೇ. 20ಕ್ಕೆ ಇಳಿಯುವವರೆಗೆ ಕಾಸಿದರೆ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೋಗಬೇಕು. ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಏಳು ಪಟ್ಟಿಗೂ ಹೆಚ್ಚು ಶಾಖ ಬೇಕು. ಉರಿ ಜೋರು ಮಾಡಿ ಬೇಗ ಮುಗಿಸುವಂತೆಯೂ ಇಲ್ಲ. ತೆಳುವಾದ ದ್ರವದಲ್ಲಿ ಬಿಸಿಯಾದ ಭಾಗ ತಾನಾಗಿ ಮೇಲೇರಿ ತಣ್ಣಗಿನದು ಕೆಳಗಿಳಿಯುತ್ತದೆ. ದಪ್ಪಗಾದ ಬೆರಟಿಯಲ್ಲಿ ಈ ಓಡಾಟ ನಿಂತುಹೋಗುತ್ತದೆ. ತಳದಲ್ಲಿದ್ದದ್ದು ತಳದಲ್ಲೇ ಸೀಯುತ್ತದೆ. ದ್ರವ ತಾನಾಗಿ ಮಾಡದ ಆ ಕೆಲಸವನ್ನು ಸಟ್ಟುಗ ಹಿಡಿದ ಕೈ ಮಾಡಬೇಕಾಗುತ್ತದೆ. ಕೊನೆಯ ಹೊತ್ತಿಗೆ ಹಣ್ಣಿನ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಕೂಡಿ ಕಡು ಕಂದು ಬಣ್ಣ, ಹಸಿ ಹಲಸಿನಲ್ಲಿಲ್ಲದ ಗಾಢ ಪರಿಮಳ ಹುಟ್ಟುತ್ತವೆ.

ಬೆರಟಿ ಯಾಕೆ ಕೆಡುವುದಿಲ್ಲ ಎಂಬುದಕ್ಕೂ ಅದನ್ನು ತುಂಬಿದ ಪಫ್ಸ್ ಯಾಕೆ ಮೆತ್ತಗಾಗುವುದಿಲ್ಲ ಎಂಬುದಕ್ಕೂ ಕಾರಣ ಒಂದೇ. ಆಹಾರದಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ನೀರು ಬಿಡುವಾಗಿದೆ ಎನ್ನುವುದು ಮುಖ್ಯ. ವಿಜ್ಞಾನಿಗಳು ಇದನ್ನು ಜಲ ಚಟುವಟಿಕೆ ಎಂದು ಅಳೆಯುತ್ತಾರೆ. ಶುದ್ಧ ನೀರಿಗೆ 1. ಇದು 0.91ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲಾರವು. ಜಾಮ್ ಸುಮಾರು 0.8ರಲ್ಲಿರುತ್ತದೆ. ಚೆನ್ನಾಗಿ ಕಾಸಿದ ಬೆರಟಿಯಲ್ಲಿ ಉಳಿದ ನೀರನ್ನು ಬೆಲ್ಲವೂ ಹಣ್ಣಿನ ಸಕ್ಕರೆಯೂ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಸೂಕ್ಷ್ಮಜೀವಿಗೆ ಸಿಗದ ಆ ನೀರು ಪಕ್ಕದ ಹಿಟ್ಟಿನ ಪದರಕ್ಕೂ ಸುಲಭವಾಗಿ ಸಿಗುವುದಿಲ್ಲ.

ಇಷ್ಟಾದ ಮೇಲೆ ತಿಂಡಿ ಮಾಡುವುದು ನಿಜಕ್ಕೂ ಸುಲಭ. ಶೀಟನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಬೆರಟಿಗೆ ಏಲಕ್ಕಿ, ತುಪ್ಪದಲ್ಲಿ ಹುರಿದ ತೆಂಗಿನ ಚೂರು ಸೇರಿಸಿ. ಚೂಪಾದ ಚೂರಿಯಿಂದ ಶೀಟನ್ನು 10 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ. ಮೊಂಡ ಚೂರಿ ಅಂಚನ್ನು ಜಜ್ಜಿ ಪದರಗಳನ್ನು ಅಂಟಿಸಿಬಿಡುತ್ತದೆ. ನಡುವೆ ಹುರಿದ ಗೇರುಬೀಜದ ತರಿ ಒಂದು ಚಿಟಿಕೆ ಉದುರಿಸಿ, ಅದರ ಮೇಲೆ ಒಂದು ದೊಡ್ಡ ಚಮಚ ಬೆರಟಿ ಇಡಿ. ಅಂಚಿಗೆ ನೀರು ಸವರಿ, ತ್ರಿಕೋನವಾಗಿ ಮಡಚಿ, ಫೋರ್ಕಿನಿಂದ ಒತ್ತಿ. ಮೇಲೆ ಎರಡು ಸೀಳು ಹಾಕಿ. ಇಲ್ಲವಾದರೆ ಒಳಗಿನ ಆವಿ ತಾನೇ ದಾರಿ ಮಾಡಿಕೊಂಡು ಬದಿಯನ್ನು ಒಡೆಯುತ್ತದೆ. ಮತ್ತೆ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು, ಮೇಲ್ಮೈಗೆ ಮಾತ್ರ ಹಾಲು ಸವರಿ, ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 20ರಿಂದ 25 ನಿಮಿಷ ಬೇಯಿಸಿ. ಓವನ್ ಮೊದಲೇ ಕಾದಿರಲೇಬೇಕು. ನಿಧಾನ ಬಿಸಿಯಲ್ಲಿ ನೀರು ಆವಿಯಾಗುವ ಮುಂಚೆ ಕೊಬ್ಬು ಸೋರಿಹೋಗುತ್ತದೆ.

ಅನಾನಸ್ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಮೂಡುಬಿದಿರೆಯ ಸೋನ್ಸ್ ಫಾರ್ಮ್ ಅನಾನಸಿಗೆ ಹೆಸರಾದ ತೋಟ. ಅಲ್ಲಿಯ ಸುತ್ತಮುತ್ತಲಿನವರಿಗೆ ಈ ಹಣ್ಣಿನ ಮೆಣಸ್ಕಾಯಿ ಎಂಬ ಪದಾರ್ಥದ ರುಚಿ ಹೇಳಿಕೊಡಬೇಕಾಗಿಲ್ಲ. ಆದರೆ ಹಸಿ ಅನಾನಸಿನಲ್ಲಿ ಬ್ರೊಮಿಲೈನ್ ಎಂಬ ಕಿಣ್ವ ಇದೆ, ಅದು ಪ್ರೋಟೀನನ್ನು ತುಂಡರಿಸುತ್ತದೆ. ಹೆಚ್ಚು ತಿಂದಾಗ ನಾಲಿಗೆ ಉರಿಯುವುದರಲ್ಲಿ ಅದರ ಕೈವಾಡವಿದೆ. ಗ್ಲುಟೆನ್ ಕೂಡ ಪ್ರೋಟೀನೇ. ಹಸಿ ಹೋಳನ್ನು ಶೀಟಿನ ಮೇಲೆ ಹೆಚ್ಚು ಹೊತ್ತು ಇಟ್ಟರೆ ಜಾಲವೇ ಸಡಿಲವಾಗುತ್ತದೆ. ಹಣ್ಣನ್ನು ಸಕ್ಕರೆಯೊಂದಿಗೆ ಚೆನ್ನಾಗಿ ಕುದಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ರಸ ಬತ್ತಿದ ಮೇಲೆ ಕೊನೆಗೆ ಸ್ವಲ್ಪ ಕಾರ್ನ್‌ಫ್ಲೋರ್ ಕದಡಿ ಹಾಕಿ. ಮೊದಲೇ ಹಾಕಿ ಕುದಿಸುತ್ತಿದ್ದರೆ ಹಣ್ಣಿನ ಹುಳಿ ಪಿಷ್ಟವನ್ನು ಒಡೆದು ಮತ್ತೆ ನೀರಾಗಿಸುತ್ತದೆ. ಮಾವಿಗಾದರೆ ಹಣ್ಣಿನ ರಸ ಒಣಗಿಸಿ ಮಾಡುವ ಮಾಂಬಳ ಇದ್ದೇ ಇದೆ. ಅದನ್ನು ತೆಳ್ಳಗೆ ಸೀಳಿ ತುಂಬಿದರೆ ಸಾಕು. ಬೆಳ್ತಂಗಡಿಯ ತೋಟಗಳಿಗೆ ಹೊಸದಾಗಿ ಬಂದ ರಂಬುಟಾನ್ ಬಲು ರಸದ ಹಣ್ಣು. ಅದನ್ನು ಹಾಗೇ ತಿನ್ನುವುದೇ ಲೇಸು.

ಓವನ್ ಇಲ್ಲದ ಮನೆಗೆ ಸಮೋಸ ಪಟ್ಟಿ ಇದೆ. ರಮ್ಜಾನ್ ತಿಂಗಳಲ್ಲಿ ಬ್ಯಾರಿ ಮನೆಗಳಲ್ಲಿ ಹೆಚ್ಚು ಬಳಕೆಯಾಗುವ ಈ ಅರೆಬೆಂದ ತೆಳು ಪಟ್ಟಿ ಈಗ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಬೆರಟಿ ತುಂಬಿ ಮೈದಾ ಅಂಟಿನಿಂದ ಮುಚ್ಚಿ ಕರಿಯಿರಿ. ಕರಿಯುವಾಗ ಏಳುವ ಗುಳ್ಳೆ ಹೊರಬರುತ್ತಿರುವ ನೀರಾವಿ. ಅದು ಬರುತ್ತಿರುವಷ್ಟು ಹೊತ್ತು ಎಣ್ಣೆ ಒಳನುಗ್ಗಲು ಬಿಡುವುದಿಲ್ಲ. ಎಣ್ಣೆ ಒಳಗೆ ಸೇರುವುದು ಹೆಚ್ಚಾಗಿ ಹೊರತೆಗೆದ ಮೇಲೆ, ಆವಿ ತಣಿದು ಒಳಗೆ ಒತ್ತಡ ಕಡಿಮೆಯಾದಾಗ. ಆದ್ದರಿಂದ ತೆಗೆದ ಕೂಡಲೇ ಎಣ್ಣೆ ಚೆನ್ನಾಗಿ ಬಸಿಯಬೇಕು.

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಜುಲೈಯಲ್ಲಿ ಗಾಳಿಯ ತೇವಾಂಶ ಎಷ್ಟೋ ದಿನ ಶೇ. 90 ಮುಟ್ಟುತ್ತದೆ. ಗರಿಗರಿ ಪದರ ಆ ನೀರನ್ನು ಹೀರಿ ಕೆಲವೇ ಗಂಟೆಗಳಲ್ಲಿ ಜಗಿಯುವಂತಾಗುತ್ತದೆ. ಮತ್ತೆ ಐದು ನಿಮಿಷ ಬಿಸಿ ಮಾಡಿದರೆ ನೀರು ಬಿಟ್ಟು ಗರಿ ಮರಳುತ್ತದೆ. ಮಳೆಗೆ ಕರೆಂಟು ಹೋಗಿ ಫ್ರೀಜರಿನಲ್ಲೇ ಕರಗಿದ ಶೀಟನ್ನು ಮಾತ್ರ ಮತ್ತೆ ಹೆಪ್ಪುಗಟ್ಟಿಸಬೇಡಿ. ಎರಡನೇ ಸಲ ಮೂಡುವ ದೊಡ್ಡ ಮಂಜಿನ ಹರಳುಗಳು ಗ್ಲುಟೆನ್ ಜಾಲವನ್ನು ಹರಿಯುತ್ತವೆ. ಶೀಟ್ ಇನ್ನೂ ತಣ್ಣಗಿದ್ದರೆ ಅಂದೇ ಬಳಸಿಬಿಡಿ.

ಬೇಕರಿ ನಡೆಸುವವರಲ್ಲಿ ನನ್ನದೊಂದು ವಿನಂತಿ. ಬಣ್ಣ ಹಾಕಿದ ಹಸಿ ಪಪ್ಪಾಯಿ ಚೂರುಗಳಾದ ಟೂಟಿ ಫ್ರೂಟಿಯನ್ನು ದೂರದಿಂದ ತರಿಸುವ ಬದಲು, ಮುಂದಿನ ಮೇ ತಿಂಗಳಲ್ಲಿ ನಿಮ್ಮೂರಿನ ಮನೆಗಳಿಂದ ಹತ್ತು ಕಿಲೋ ಬೆರಟಿ ಕೊಂಡು ನೋಡಿ. ಪಫ್ಸ್ ಮಡಚುವ ಕೈಗಳು ನಿಮ್ಮಲ್ಲಿವೆ, ಬೆರಟಿ ಕಾಸುವ ಕೈಗಳು ಪಕ್ಕದ ಹಳ್ಳಿಯಲ್ಲಿವೆ. ಅವರಿಗೆ ದುಡಿಮೆಗೆ ತಕ್ಕ ಬೆಲೆ ಕೊಡಿ.